ಬಿಡದ ಬೋಲ್ಟು, ಬಾಗಿದ ಧ್ವಜದ ಕಂಬ

ಹೊರನಾಡ ಕನ್ನಡ ಕುಟುಂಬವನ್ನು ಕುರಿತ ಬರಹಗಳು ಮಕ್ಕಳ ಳಕಾರ, ಅಜ್ಜಿಯ ಸಾರಿನ ಪುಡಿ, ಹೊಂದದ ಜಾತಕ ಮುಂತಾದ ವಿಷಯಗಳಿಗೆ ಪುಟಗಟ್ಟಲೆ ಜಾಗ ಕೊಟ್ಟಿವೆಯಾದರೂ, ಕಾರಿನ ಬ್ರೇಕಿನಲ್ಲಿ ತುಕ್ಕು ಹಿಡಿದು ಕಚ್ಚಿಕೊಂಡ ಬೋಲ್ಟಿಗೆ ಒಂದು ಅಡಿಟಿಪ್ಪಣಿಯನ್ನೂ ಕೊಟ್ಟಂತೆ ಕಾಣುವುದಿಲ್ಲ. ಅತ್ತೆ-ಸೊಸೆಯರ ನಡುವೆ ಇಲ್ಲದ ಜಗಳವನ್ನು ಹುಟ್ಟಿಸಿ, ತಂದೆ-ಮಕ್ಕಳ ನಡುವೆ ಇದ್ದ ಜಗಳವನ್ನು ಹೊರಗೆಳೆದು, ಮೊಮ್ಮಕ್ಕಳಿಗೆ ಹಿರಿಯರ ನಿಜರೂಪವನ್ನು ತೋರಿಸುವ ಶಕ್ತಿ ಈ ಎರಡಂಗುಲದ ಲೋಹಕ್ಕೆ ಇದೆ ಎಂಬುದಕ್ಕೆ, ಅಮೆರಿಕದ ಮಿಷಿಗನ್ ರಾಜ್ಯದಲ್ಲಿ, ಡೆಟ್ರಾಯಿಟ್ ನಗರದ ಹೊರವಲಯದಲ್ಲಿರುವ ಒಂದು ಕನ್ನಡ ಮನೆಯ ಗ್ಯಾರೇಜಿನಲ್ಲಿ ಕಳೆದ ಅಕ್ಟೋಬರಿನಲ್ಲಿ ನಡೆದ ಪ್ರಕರಣವೇ ಸಾಕ್ಷಿ. ಆ ಮನೆಯಲ್ಲಿ ಇಂದಿಗೂ ಅರ್ಧ ಜನ ಅದನ್ನು ನೆನೆದು ನಗುತ್ತಾರೆ, ಉಳಿದರ್ಧ ಜನ ಪಾತ್ರೆಗಳನ್ನು ಸ್ವಲ್ಪ ಜೋರಾಗಿ ಇಡುತ್ತಾರೆ.

ಮೊದಲು ಪ್ರದೇಶದ ಗುಣವನ್ನು ತಿಳಿಯಬೇಕು. ಡೆಟ್ರಾಯಿಟ್ ನಗರದ ಅಡಿಯಲ್ಲಿಯೇ, ಸುಮಾರು 1,200 ಅಡಿ ಆಳದಲ್ಲಿ, ಉಪ್ಪಿನ ಗಣಿ ಇದೆ. ಚಳಿಗಾಲದಲ್ಲಿ ರಸ್ತೆಯ ಮೇಲಿನ ಮಂಜು ಕರಗಲೆಂದು ಇಂತಹ ಕಲ್ಲುಪ್ಪನ್ನು ಧಾರಾಳವಾಗಿ ಚೆಲ್ಲುತ್ತಾರೆ. ಉಪ್ಪು ಬೆರೆತ ನೀರು ಸೊನ್ನೆ ಡಿಗ್ರಿಯ ಕೆಳಗೂ ಹೆಪ್ಪುಗಟ್ಟದೆ ಕಾರಿನ ಹೊಟ್ಟೆಗೆ ಸಿಡಿದು, ಕಬ್ಬಿಣ ತುಕ್ಕು ಹಿಡಿಯುವ ವೇಗವನ್ನು ಹೆಚ್ಚಿಸುತ್ತದೆ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹೆಚ್ಚು ಜಾಗವನ್ನು ಬೇಡುವುದರಿಂದ, ಬೋಲ್ಟಿನ ಎಳೆಗಳ ನಡುವಿನ ಸಂದಿಯನ್ನೆಲ್ಲ ತುಂಬಿ ಬೋಲ್ಟನ್ನೂ ಅದರ ಗೂಡನ್ನೂ ಒಂದೇ ಗಂಟಾಗಿ ಮಾಡಿಬಿಡುತ್ತದೆ. ಇಲ್ಲಿ ಚರ್ಚೆಗೆ ಬಂದಿರುವುದು ಕ್ಯಾಲಿಪರ್ ಬ್ರಾಕೆಟ್ಟಿನ ಬೋಲ್ಟು. ಚಕ್ರದೊಡನೆ ತಿರುಗುವ ಕಬ್ಬಿಣದ ತಟ್ಟೆ ಡಿಸ್ಕ್. ಅದನ್ನು ಎರಡು ಕಡೆಯಿಂದ ಪ್ಯಾಡುಗಳ ಮೂಲಕ ಅದುಮಿ ಹಿಡಿಯುವ ಅಂಗ ಕ್ಯಾಲಿಪರ್. ಆ ಕ್ಯಾಲಿಪರನ್ನು ಹೊತ್ತು ನಿಲ್ಲುವ ಚೌಕಟ್ಟು ಬ್ರಾಕೆಟ್. ಹಳೆಯ ಡಿಸ್ಕನ್ನು ಹೊರತೆಗೆಯಬೇಕಾದರೆ ಬ್ರಾಕೆಟ್ ಬಿಚ್ಚಲೇಬೇಕು, ಬ್ರಾಕೆಟ್ ಬಿಚ್ಚಬೇಕಾದರೆ ಅದರ ಹಿಂಬದಿಯ ಎರಡು ಬೋಲ್ಟುಗಳು ಬಿಡಬೇಕು. ಒಂದು ಬಿಟ್ಟಿತು.

ಆ ಮನೆಯ ಮಗ ವಾಹನಗಳಿಗೆ ತಂತ್ರಾಂಶ ಬರೆದು ಜೀವನ ಸಾಗಿಸುವವನಾಗಿದ್ದು, ಬ್ರೇಕು ಯಾವಾಗ ಹಿಡಿಯಬೇಕೆಂದು ಲಕ್ಷಾಂತರ ಕಾರುಗಳಿಗೆ ಹೇಳಿಕೊಡಬಲ್ಲನಾದರೂ, ಸ್ಪ್ಯಾನರ್ ಯಾವ ತುದಿಯಿಂದ ಹಿಡಿಯಬೇಕೆಂಬುದನ್ನು ವಿಡಿಯೊ ನೋಡಿ ಕಲಿತವನು. ಆರು ತಿಂಗಳ ಭೇಟಿಗೆಂದು ಮೈಸೂರಿನಿಂದ ಬಂದಿದ್ದ ಅವನ ತಂದೆ, ರಾಜ್ಯ ಸಾರಿಗೆ ಸಂಸ್ಥೆಯ ಡಿಪೋ ಒಂದರ ಲೆಕ್ಕಪತ್ರ ಶಾಖೆಯಿಂದ ನಿವೃತ್ತರಾದವರು. ಅವರು ತಮ್ಮ ವೃತ್ತಿಜೀವನದಲ್ಲಿ ಸಾವಿರಾರು ಬೋಲ್ಟುಗಳನ್ನು ಕಂಡಿದ್ದರು, ಆದರೆ ಎಲ್ಲವನ್ನೂ ವೋಚರಿನಲ್ಲಿ. ಮೈಸೂರಿನ ಮನೆಯಲ್ಲಿ ಟ್ಯೂಬ್‌ಲೈಟ್ ಬದಲಾಯಿಸಲೂ ಎಲೆಕ್ಟ್ರೀಷಿಯನ್ನನಿಗೆ ಹೇಳಿ ಕಳುಹಿಸುವ ಈ ಹಿರಿಯರು, ಇಲ್ಲಿ ಮೆಕ್ಯಾನಿಕ್ಕು ಕೇಳಿದ ಮೊತ್ತವನ್ನು ರೂಪಾಯಿಗೆ ಪರಿವರ್ತಿಸಿ ನೋಡಿದ ಕೂಡಲೇ ಸ್ವಾವಲಂಬನೆಯ ಪ್ರತಿಪಾದಕರಾದರು. ಮೊಮ್ಮಗಳಿಗೆ ಟಾರ್ಚ್ ಹಿಡಿಯುವ ಕೆಲಸ ಬಂತು. ಟಾರ್ಚ್ ಹಿಡಿದವರು ಬೆಳಕು ಕೊಡಬೇಕೇ ಹೊರತು ಅಭಿಪ್ರಾಯ ಕೊಡಬಾರದು ಎಂಬುದು ಎರಡೂ ದೇಶಗಳ ಗ್ಯಾರೇಜುಗಳಲ್ಲಿ ಸಮಾನವಾಗಿ ಮಾನ್ಯವಾಗಿರುವ ನಿಯಮ; ಇಡೀ ಅನಾಹುತದ ಬೇರು ಈ ನಿಯಮದಲ್ಲಿಯೇ ಇತ್ತು.

ಕಚ್ಚಿಕೊಂಡ ಬೋಲ್ಟನ್ನು ಬಿಡಿಸುವ ಶಾಸ್ತ್ರ ತಾಳ್ಮೆಯ ಶಾಸ್ತ್ರ. ತಂತಿಯ ಬ್ರಷ್ಷಿನಿಂದ ತುಕ್ಕನ್ನು ಉಜ್ಜಿ, ಸಂದಿಗಿಳಿಯುವ ತೆಳು ಎಣ್ಣೆಯನ್ನು ಸಿಂಪಡಿಸಿ, ಸಾಧ್ಯವಾದರೆ ಒಂದು ರಾತ್ರಿ ಹಾಗೆಯೇ ಬಿಟ್ಟು, ತಲೆಯ ಮೂಲೆಗಳು ಸವೆಯದಂತೆ ಹನ್ನೆರಡು ಮೂಲೆಯದರ ಬದಲು ಆರು ಮೂಲೆಯ ಸಾಕೆಟ್ಟನ್ನೇ ಕೂರಿಸಿ, ಸುತ್ತಿಗೆಯಿಂದ ನಾಲ್ಕು ಪೆಟ್ಟು ಕೊಟ್ಟು ತುಕ್ಕಿನ ಹಿಡಿತವನ್ನು ಸಡಿಲಿಸಿ, ಒಂದಿಷ್ಟು ಬಿಗಿದು ಒಂದಿಷ್ಟು ಸಡಿಲಿಸಿ ಹಿಂದೆ ಮುಂದೆ ಆಡಿಸಬೇಕು. ಮಗ ತಂದಿದ್ದ ನೀಲಿ ಡಬ್ಬಿ ಡಬ್ಲ್ಯೂಡಿ-40. 1953ರಲ್ಲಿ ಸ್ಯಾನ್ ಡಿಯಾಗೊದಲ್ಲಿ ಲೋಹದಿಂದ ತೇವವನ್ನು ದೂರವಿಡಲೆಂದು ತಯಾರಾದ, ನಲವತ್ತನೆಯ ಪ್ರಯತ್ನದಲ್ಲಿ ಕೈಗೂಡಿದ ಮಿಶ್ರಣ. ಹಿರಿಯರಿಗೆ ಅದರ ವಾಸನೆ ಹಿಡಿಸಲಿಲ್ಲ. ಊರಿನಿಂದ ತಂದಿದ್ದ ಕೊಬ್ಬರಿ ಎಣ್ಣೆಯೇ ಉತ್ತಮವೆಂದು ಸೀಸೆ ತರಿಸಿದರು. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಯ ಕೆಳಗೆ ಗಟ್ಟಿಯಾಗುವ ಪದಾರ್ಥವಾದ್ದರಿಂದ, ಮಿಷಿಗನ್ನಿನ ಅಕ್ಟೋಬರಿನಲ್ಲಿ ಸೀಸೆಯನ್ನು ತಲೆಕೆಳಗೆ ಹಿಡಿದರೂ ಒಂದು ಹನಿ ಇಳಿಯಲಿಲ್ಲ. ಅದನ್ನು ಬಿಸಿ ಮಾಡಬಹುದೆಂಬ ಮಾತಿನಿಂದ ಬೋಲ್ಟನ್ನೇ ಬಿಸಿ ಮಾಡುವ ಮಾತು ಹುಟ್ಟಿತು. ಕಾಯಿಸಿದ ಲೋಹ ಹಿಗ್ಗಿ ತುಕ್ಕಿನ ಹಿಡಿತ ಬಿಡುವುದು ನಿಜವೇ. ಆದರೆ ಬ್ರೇಕ್ ತೊಳೆಯುವ ದ್ರಾವಣಗಳಲ್ಲಿ ಕ್ಲೋರಿನ್ ಸೇರಿದ ಬಗೆಗಳು ಬೆಂಕಿಗೆ ಸಿಕ್ಕರೆ ಫಾಸ್ಜೀನ್, ಅಂದರೆ ಮೊದಲ ಮಹಾಯುದ್ಧದಲ್ಲಿ ಸೈನಿಕರ ಮೇಲೆ ಬಿಟ್ಟ ವಿಷಾನಿಲ, ಹೊರಬರಬಲ್ಲದು. ಇದಾವುದನ್ನೂ ಓದದ ಅಜ್ಜಿ, ಅಡುಗೆಮನೆಯ ಬಾಗಿಲಲ್ಲಿ ನಿಂತು "ಬೆಂಕಿ ಗಿಂಕಿ ಏನೂ ಬೇಡ" ಎಂದು ತಡೆದರು. ಆ ದಿನ ಆ ಗ್ಯಾರೇಜಿನಲ್ಲಿ ಹಿರಿಯರೊಬ್ಬರು ಆಡಿದ ಏಕೈಕ ವಿವೇಕದ ಮಾತು ಇದೆಂದು ದಾಖಲಿಸಬೇಕಾಗುತ್ತದೆ.

ಎಣ್ಣೆಗೂ ಸುತ್ತಿಗೆಗೂ ಬಗ್ಗದ ಬೋಲ್ಟಿಗೆ ಮುಂದಿನ ಉಪಾಯ ಉದ್ದನೆಯ ಹಿಡಿ. ಸಾಕೆಟ್ಟಿಗೆ ಸಿಕ್ಕಿಸುವ ಬ್ರೇಕರ್ ಬಾರ್ ಎಂಬ ಸರಳಿನ ಮೇಲೆ ಒಂದು ಕೊಳವೆಯನ್ನು ತೊಡಿಸಿದರೆ ಸನ್ನೆಗೋಲಿನ ಉದ್ದ ಹೆಚ್ಚಿ, ಅದೇ ತೋಳು ಹಲವು ಪಟ್ಟು ತಿರುಚುವ ಬಲವನ್ನು ಪಡೆಯುತ್ತದೆ. ಗ್ಯಾರೇಜಿನಲ್ಲಿ ಕೊಳವೆ ಒಂದೇ ಇತ್ತು. ಊರಿನ ಕನ್ನಡ ಕೂಟದ ಕಾರ್ಯದರ್ಶಿಯಾಗಿದ್ದ ಸೊಸೆ, ರಾಜ್ಯೋತ್ಸವಕ್ಕೆಂದು ಕೂಟದ ಮೈಕು, ಜಮಖಾನ, ಭುವನೇಶ್ವರಿಯ ಪಟಗಳೊಂದಿಗೆ ಜೋಪಾನವಾಗಿ ಮೂಲೆಯಲ್ಲಿ ನಿಲ್ಲಿಸಿದ್ದ, ಹಳದಿ-ಕೆಂಪು ಬಾವುಟ ಸುತ್ತಿದ ಧ್ವಜದ ಕಂಬವದು. ಸೊಸೆ ಆ ಹೊತ್ತಿಗೆ ಆಸ್ಪತ್ರೆಯಲ್ಲಿ ಪಾಳಿಯ ಮೇಲಿದ್ದಳು. ಮಗನ ಕಣ್ಣು ಕಂಬದ ಮೇಲೆ ಬಿತ್ತು. ಮಗನ ಕಣ್ಣು ಎಲ್ಲಿ ಬಿತ್ತೆಂಬುದರ ಮೇಲೆ ತಂದೆಯ ಕಣ್ಣು ಬಿತ್ತು.

ಇಲ್ಲಿಂದ ಮುಂದಿನ ಮುಕ್ಕಾಲು ಗಂಟೆ ಬೋಲ್ಟು ವಿಶ್ರಾಂತಿ ಪಡೆಯಿತು. ಹಿರಿಯರ ಆಕ್ಷೇಪ ಕಂಬ ಬಾಗೀತೆಂಬುದಲ್ಲ, ನಾಡಧ್ವಜಕ್ಕೆ ಅಪಚಾರವಾದೀತೆಂಬುದು. ಮ. ರಾಮಮೂರ್ತಿಯವರು ಈ ಬಾವುಟವನ್ನು ರೂಪಿಸಿದ್ದು ಬೋಲ್ಟು ಬಿಚ್ಚಲೆಂದಲ್ಲ ಎಂದು ಆರಂಭಿಸಿ, 1956ರ ನವೆಂಬರ್ 1ರ ಏಕೀಕರಣದ ಮೂಲಕ ಹಾದು, 1973ರಲ್ಲಿ ಮೈಸೂರು ರಾಜ್ಯಕ್ಕೆ ಕರ್ನಾಟಕವೆಂದು ನಾಮಕರಣವಾದ ಸಂದರ್ಭವನ್ನು ಅವರು ವಿವರಿಸುತ್ತಿದ್ದಷ್ಟು ಹೊತ್ತೂ ಮಗ ಕಾರಿನ ಪಕ್ಕ ತಣ್ಣನೆಯ ಸಿಮೆಂಟಿನ ಮೇಲೆ ಅಂಗಾತ ಮಲಗಿದ್ದನು. ಪಾವಿತ್ರ್ಯ ಇರುವುದು ಬಟ್ಟೆಯಲ್ಲಿಯೋ ಕಬ್ಬಿಣದಲ್ಲಿಯೋ ಎಂಬ ಪ್ರಶ್ನೆಯನ್ನು ಮೊಮ್ಮಗಳು ಎತ್ತಿದಾಗ ಟಾರ್ಚಿನ ನಿಯಮವನ್ನು ನೆನಪಿಸಲಾಯಿತು. ಕೊನೆಗೆ ಹಿರಿಯರೇ ಒಂದು ಮಧ್ಯಮಾರ್ಗವನ್ನು ಕಂಡುಕೊಂಡರು: ಚಪ್ಪಲಿ ಕಳಚಿ, ಬಾವುಟವನ್ನು ಇಳಿಸಿ, ನಾಲ್ಕು ಮಡಿಕೆ ಮಾಡಿ ಪಟದ ಮುಂದಿಡುವುದು, ಕೆಲಸ ಮುಗಿದ ಮೇಲೆ ಕಂಬವನ್ನು ನೀರಿನಿಂದ ತೊಳೆದು ಮರಳಿಸುವುದು. ಅಜ್ಜಿ ಆಯುಧಪೂಜೆಯಿಂದ ಉಳಿದಿದ್ದ ಕುಂಕುಮವನ್ನು ತಂದು ಬ್ರೇಕರ್ ಬಾರಿಗೆ ಹಚ್ಚಿದರು. ಕಾಲುಚೀಲದಲ್ಲಿ ನಿಂತಿದ್ದ ತಾತನ ಪಾದಗಳಿಗೆ ಚಳಿ ಹತ್ತಿದ್ದನ್ನು ಕಂಡ ಮೊಮ್ಮಗಳು ಯಾರೂ ಹೇಳದೆಯೇ ಒಳಗೆ ಹೋಗಿ ಯೋಗದ ಚಾಪೆಯನ್ನು ತಂದು ಹಾಸಿದಳು.

ಅನಂತರ ಕಂಬವನ್ನು ತೊಡಿಸಿ ಮಗ ಎಳೆದನು, ಬಿಡಲಿಲ್ಲ. ತಂದೆ ಕೈ ಸೇರಿಸಿದರು, ಬಿಡಲಿಲ್ಲ. ಬೋಲ್ಟನ್ನು ಕೂರಿಸುವಾಗ ಬೇಕಾದ ತಿರುಚುಬಲ ನೂರು ನ್ಯೂಟನ್-ಮೀಟರಿನ ಆಸುಪಾಸು; ಎಪ್ಪತ್ತು ಕಿಲೊ ತೂಕದ ಒಬ್ಬ ವ್ಯಕ್ತಿ ನಾಲ್ಕಡಿ ದೂರದಲ್ಲಿ ಜೋತುಬಿದ್ದರೆ ಅದರ ಎಂಟು ಪಟ್ಟು ಬಲ ಬೀಳುತ್ತದೆ. ಇಲ್ಲಿ ಒಬ್ಬರಲ್ಲ, ಇಬ್ಬರು ಜೋತುಬಿದ್ದರು. ಸ್ಟ್ಯಾಂಡಿನ ಮೇಲೆ ನಿಂತ ಕಾರಿಗೆ ಹೀಗೆ ನೇತಾಡುವುದು ಪ್ರಾಣಾಪಾಯದ ಕೆಲಸವೆಂಬುದು ಇಬ್ಬರಿಗೂ ಹೊಳೆಯಲಿಲ್ಲ. ಕಂಬ ಬಿಲ್ಲಿನಂತೆ ಬಾಗಿತು, ಹಿರಿಯರು ಯೋಗದ ಚಾಪೆಯ ಮೇಲೆ ಕುಳಿತರು, ಬೋಲ್ಟು ಇದ್ದಲ್ಲಿಯೇ ಇತ್ತು. ಆಗ ಮೊಮ್ಮಗಳು, ನಿಯಮವನ್ನು ಮೀರಿ, ಅದನ್ನು ಬಿಗಿಯುತ್ತಿದ್ದೀರಿ ಎಂದಳು.

ಅವಳ ಮಾತು ಸರಿಯಾಗಿತ್ತು. ಬೋಲ್ಟಿನ ತಲೆಯನ್ನು ಎದುರಿನಿಂದ ನೋಡುವವರಿಗೆ ಗಡಿಯಾರದ ವಿರುದ್ಧ ದಿಕ್ಕು ಸಡಿಲಿಸುವ ದಿಕ್ಕು; ಆದರೆ ಬ್ರಾಕೆಟ್ಟಿನ ಬೋಲ್ಟಿನ ತಲೆ ಕಾರಿನ ಒಳಮುಖವಾಗಿ ಇರುವುದರಿಂದ, ಚಕ್ರದ ಕಡೆಯಿಂದ ಕುಳಿತು ನೋಡುವವರಿಗೆ ದಿಕ್ಕು ತಿರುವುಮುರುವಾಗುತ್ತದೆ. ಮೊದಲ ಬೋಲ್ಟನ್ನು ಮಗ ಕಾರಿನಡಿ ತೂರಿ ತಲೆಯನ್ನು ನೋಡುತ್ತ ಬಿಚ್ಚಿದ್ದನು. ಎರಡನೆಯದಕ್ಕೆ ಕಂಬ ತೊಡಿಸಲೆಂದು ಹೊರಗೆ ಬಂದಾಗ ದಿಕ್ಕು ಒಳಗೇ ಉಳಿದಿತ್ತು. ಕೂಟದ ಕಂಬ ಅಗ್ಗದ ತೆಳುಗೊಳವೆಯಾಗಿರದೆ ಗಟ್ಟಿಯಾಗಿದ್ದಿದ್ದರೆ ಬೋಲ್ಟಿನ ತಲೆಯೇ ಮುರಿದು ಡ್ರಿಲ್ಲಿನ ಕೆಲಸ ಬೀಳುತ್ತಿತ್ತು. ಆದ್ದರಿಂದ ಕಾರನ್ನು ಉಳಿಸಿದ್ದು ಕನ್ನಡ ಕೂಟದ ಮಿತವ್ಯಯವೇ ಎಂದು ಒಪ್ಪಬೇಕು. ಮೊಮ್ಮಗಳಿಗೆ ಇದು ಮೊದಲಿನಿಂದಲೂ ಗೊತ್ತಿತ್ತೇ ಎಂಬ ಪ್ರಶ್ನೆಗೆ ಅವಳು ಕೊಟ್ಟ ಉತ್ತರ, ಟಾರ್ಚ್ ಹಿಡಿಯಲು ಮಾತ್ರ ಹೇಳಿದ್ದಿರಲ್ಲ ಎಂಬುದಾಗಿತ್ತು. ಸೊಸೆ ಮನೆಗೆ ಬಂದು ಕಂಬವನ್ನು ನೋಡಿ ಆಡಿದ ಮಾತುಗಳು ಈ ಪ್ರಬಂಧದ ವ್ಯಾಪ್ತಿಗೆ ಬರುವುದಿಲ್ಲ.

ಆ ರಾತ್ರಿ ಎಲ್ಲರೂ ಮಲಗಿದ ಮೇಲೆ ಹಿರಿಯರು ಒಬ್ಬರೇ ಗ್ಯಾರೇಜಿಗೆ ಇಳಿದು, ಮೊಮ್ಮಗಳ ತಲೆಗೆಂದು ತಂದು ಅವಳು ಒಮ್ಮೆಯೂ ಹಚ್ಚಿಸಿಕೊಳ್ಳದಿದ್ದ ಹರಳೆಣ್ಣೆಯನ್ನು ಬೋಲ್ಟಿನ ಬುಡಕ್ಕೆ ಬಿಟ್ಟು ಬಂದರು. ಹರಳೆಣ್ಣೆ ಆ ಚಳಿಗೆ ಗಟ್ಟಿಯಾಗುವುದಿಲ್ಲ. ಬೆಳಿಗ್ಗೆ ಮಗ ಸರಿಯಾದ ದಿಕ್ಕಿನಲ್ಲಿ, ಕೊಳವೆಯಿಲ್ಲದೆಯೇ ಎಳೆದಾಗ ಬೋಲ್ಟು ಒಂದು ಕೀರಲು ಸದ್ದು ಮಾಡಿ ಬಿಟ್ಟಿತು. ಹರಳೆಣ್ಣೆ ಮಂದವಾದದ್ದು, ತುಕ್ಕಿನ ಎಳೆಗಳೊಳಗೆ ಅದು ಸುಲಭವಾಗಿ ಇಳಿಯಲಾರದು; ಕೀರ್ತಿ ಸಲ್ಲಬೇಕಾದದ್ದು ನೀಲಿ ಡಬ್ಬಿಗೂ ದಿಕ್ಕಿಗೂ. ಮಗನಿಗೆ ಇದು ತಿಳಿದಿತ್ತು. ಆದರೂ ಬುಡದಲ್ಲಿ ಮಿನುಗುತ್ತಿದ್ದ ಜಿಡ್ಡನ್ನು ನೋಡಿ, "ಅಣ್ಣಾ, ನಿಮ್ಮ ಎಣ್ಣೆಗೇ ಬಿಟ್ಟಿತು" ಎಂದನು. ಅಷ್ಟಕ್ಕೆ ಸುಮ್ಮನಿರದ ಮೊಮ್ಮಗಳು ಫೋನಿನಲ್ಲಿ ಹುಡುಕಿ, ಹೈಡ್ರಾಲಿಕ್ ಬ್ರೇಕುಗಳ ಆರಂಭದ ಕಾಲದಲ್ಲಿ ಬ್ರೇಕಿನ ದ್ರವವನ್ನೇ ಹರಳೆಣ್ಣೆ ಮತ್ತು ಆಲ್ಕೊಹಾಲು ಬೆರೆಸಿ ತಯಾರಿಸುತ್ತಿದ್ದರೆಂಬ ಸಂಗತಿಯನ್ನು ತಾತನಿಗೆ ಓದಿ ಹೇಳಿಬಿಟ್ಟಳು. ಅದು ನಿಜವೇ ಆದದ್ದರಿಂದ ಮನೆಯಲ್ಲಿ ಯಾರಿಗೂ ಅಲ್ಲಗಳೆಯಲಾಗಲಿಲ್ಲ. ಹಿರಿಯರು ಅಂದಿನಿಂದ ಟೋಸ್ಟರಿನಿಂದ ಹಿಡಿದು ಲ್ಯಾಪ್‌ಟಾಪಿನವರೆಗೆ ಕೆಟ್ಟದ್ದಕ್ಕೆಲ್ಲ ಹರಳೆಣ್ಣೆಯನ್ನೇ ಸೂಚಿಸುತ್ತಿದ್ದಾರೆ. ಡಿಸ್ಕಿಗೂ ಪ್ಯಾಡಿಗೂ ಎಣ್ಣೆಯ ಪಸೆ ತಗಲಿದರೆ ಬ್ರೇಕು ಹಿಡಿಯುವುದಿಲ್ಲವೆಂದು ಮಗ ಅರ್ಧ ದಿನ ಎಲ್ಲವನ್ನೂ ತೊಳೆದದ್ದು ಅವರ ಗಮನಕ್ಕೆ ಬಂದಿಲ್ಲ.

ಬ್ರೇಕ್ ಪ್ಯಾಡುಗಳನ್ನೂ ಡಿಸ್ಕುಗಳನ್ನೂ ಒಂದು ಅಚ್ಚಿನ ಎರಡೂ ಚಕ್ರಗಳಿಗೆ ಒಟ್ಟಿಗೆ ಬದಲಾಯಿಸಬೇಕು, ಇಲ್ಲವಾದರೆ ಬ್ರೇಕು ಹಾಕಿದಾಗ ಕಾರು ಒಂದು ಪಕ್ಕಕ್ಕೆ ಎಳೆಯಬಹುದು. ಇನ್ನೊಂದು ಚಕ್ರದ ಎರಡು ಬೋಲ್ಟುಗಳು ಹಾಗೆಯೇ ಇವೆ, ಹಿರಿಯರು ಊರಿಗೆ ಹೊರಡುವ ದಿನ ಹತ್ತಿರವಾಗುತ್ತಿದೆ, ಮತ್ತು ತಾವಿಲ್ಲದೆ ಆ ಕೆಲಸಕ್ಕೆ ಕೈ ಹಾಕಕೂಡದೆಂದು ಅವರು ಕಟ್ಟಪ್ಪಣೆ ಮಾಡಿದ್ದಾರೆ. ಡೆಟ್ರಾಯಿಟಿನ ಆಸುಪಾಸಿನಲ್ಲಿ ದಪ್ಪ ಗೋಡೆಯ ಕಬ್ಬಿಣದ ಕೊಳವೆ ಇರುವ ಕನ್ನಡಿಗರು ಒಂದು ವಾರದ ಮಟ್ಟಿಗೆ ಎರವಲು ಕೊಡಬೇಕಾಗಿ ವಿನಂತಿ. ಯಾವ ಸಂಘದ ಬಾವುಟವೂ ಅದಕ್ಕೆ ಕಟ್ಟಿರಬಾರದು.