ಊರಿನ ಹೆಸರು ಓದಿದ್ದಕ್ಕೆ ದಂಡ

ಲಕೋಟೆ ಬಂದದ್ದು ಕಾಂಪೌಂಡಿನ ಮೇಲಿಂದ. ಶಿವಮೊಗ್ಗದಲ್ಲಿ ಮದುವೆ ಮುಗಿಸಿಕೊಂಡು ಮೈಸೂರಿಗೆ ಮರಳಿ ಇನ್ನೂ ಬೀಗ ತೆಗೆಯುತ್ತಿದ್ದೆವು, ಪಕ್ಕದ ಮನೆ ರಾಯರು ಗೋಡೆಯಾಚೆಯಿಂದ ಕೈ ಚಾಚಿದರು. "ಇಟಲಿಯಿಂದ ರಿಜಿಸ್ಟರ್ಡ್ ಪೋಸ್ಟು ಕಣ್ರೀ. ಪೋಸ್ಟ್‌ಮನ್ ಗುರುತಿನವನು, ನಾನೇ ಸೈನ್ ಹಾಕಿ ಇಸ್ಕೊಂಡೆ. ಮೂರು ದಿನ ಆಯ್ತು. ದಪ್ಪಗಿದೆ, ಏನೋ ಒಳ್ಳೇದೇ ಇರಬೇಕು." ಹೊರದೇಶದಿಂದ ದಪ್ಪ ಲಕೋಟೆ ಬಂದರೆ ಶುಭ ಅಂತ ನಂಬುವ ತಲೆಮಾರು ನಮ್ಮದು. ನಾನೂ ನಂಬಿದೆ, ಹರಿಯುವ ತನಕ.

ಒಳಗಿದ್ದದ್ದು ಹತ್ತು ತಿಂಗಳ ಹಿಂದಿನ ನನ್ನ ಅಪರಾಧದ ವರದಿ. 2024ರ ಮೇ ತಿಂಗಳು, ಬೆಳಿಗ್ಗೆ ಹನ್ನೊಂದೂವರೆ, ಟಸ್ಕನಿಯ ಒಂದು ಹಳ್ಳಿ, ಬಾಡಿಗೆಯ ಫಿಯೆಟ್ ಪಾಂಡಾ. 50ರ ಮಿತಿಯಲ್ಲಿ ನಾನು 68ರಲ್ಲಿ ಹೋಗಿದ್ದೆನಂತೆ. ಯಂತ್ರದ ತಪ್ಪಿಗೆಂದು 5 ಕಿಲೋಮೀಟರ್ ಬಿಟ್ಟುಕೊಟ್ಟಿದ್ದರು. ಉಳಿದ ಹದಿಮೂರು ನನ್ನ ತಪ್ಪಿಗೆ. ದಂಡ 173 ಯೂರೋ. ಹತ್ತರ ಒಳಗೇ ಮೀರಿದ್ದರೆ 42ರಲ್ಲಿ ಮುಗಿಯುತ್ತಿತ್ತು. ಮೂರೇ ಮೂರು ಕಿಲೋಮೀಟರಿಗೆ ಇಷ್ಟು ದುಬಾರಿ ಬೆಲೆ ತೆತ್ತವರು ಟ್ಯಾಕ್ಸಿಯಲ್ಲೂ ಸಿಗಲಿಕ್ಕಿಲ್ಲ.

"ನೀವಾ? ಸ್ಪೀಡಾ?" ಎಂದಳು ಹೆಂಡತಿ. ಅವಳ ಅಚ್ಚರಿ ನ್ಯಾಯವಾದದ್ದೇ. ರಿಂಗ್ ರೋಡಿನಲ್ಲಿ ನನ್ನ ಹಿಂದೆ ಹಾರ್ನ್ ಹೊಡೆಯದ ಲಾರಿಯಿಲ್ಲ. ಹಾಲಿನ ವ್ಯಾನೂ ಬೈದುಕೊಂಡು ಮುಂದೆ ಹೋಗುತ್ತದೆ.

ಆದದ್ದಿಷ್ಟು. ಆರ್‌ಟಿಓದಲ್ಲಿ ಸಾವಿರ ರೂಪಾಯಿ ಕಟ್ಟಿ, ಒಂದು ವರ್ಷ ನಡೆಯುವ ಇಂಟರ್‌ನ್ಯಾಷನಲ್ ಪರ್ಮಿಟ್ಟು ಮಾಡಿಸಿಕೊಂಡು ಫ್ಲಾರೆನ್ಸಿನಲ್ಲಿ ಕಾರು ತಗೊಂಡೆ. ಸ್ಟಿಯರಿಂಗ್ ಎಡಕ್ಕೆ. ಗೇರ್ ಹಾಕಲು ಅಭ್ಯಾಸಬಲದಿಂದ ಎಡಗೈ ಬೀಸಿದರೆ ಬಾಗಿಲಿಗೆ ಬಡಿಯುತ್ತದೆ. ಮೊದಲ ದಿನ ಗೆಣ್ಣು ಕೆಂಪಗಾಗಿತ್ತು. ಇಂಡಿಕೇಟರ್ ಹಾಕಲು ಹೋದರೆ ವೈಪರ್ ಓಡುತ್ತಿತ್ತು. ಬಿಸಿಲಲ್ಲಿ ವೈಪರ್ ಆಡಿಸುತ್ತ ಬಲಕ್ಕೆ ತಿರುಗುವ ನನ್ನನ್ನು ನೋಡಿ ಒಬ್ಬ ಮುದುಕ ಟೊಪ್ಪಿಗೆ ತೆಗೆದು ನಮಸ್ಕಾರ ಮಾಡಿದ.

ವೇಗದ ಮಿತಿ ಗೊತ್ತಿರಲಿಲ್ಲವೆಂದೇನಲ್ಲ. ಆಟೋಸ್ಟ್ರಾಡಾ ಅನ್ನುವ ಅವರ ಹೆದ್ದಾರಿಯಲ್ಲಿ 130, ಮಳೆ ಬಂದರೆ 110, ಊರುಗಳ ನಡುವಿನ ರಸ್ತೆಯಲ್ಲಿ 90, ಊರೊಳಗೆ 50. ಎಲ್ಲ ಬಾಯಿಪಾಠ ಮಾಡಿಕೊಂಡೇ ಹೋಗಿದ್ದೆ. ಊರು ಎಲ್ಲಿ ಶುರುವಾಗುತ್ತದೆ ಅನ್ನುವುದೊಂದು ಗೊತ್ತಿರಲಿಲ್ಲ. ನಮ್ಮಲ್ಲಾದರೆ ಊರು ಬಂತೆಂದು ಹಂಪು ಹೇಳುತ್ತದೆ, ಅಡ್ಡ ಮಲಗಿದ ಎಮ್ಮೆ ಹೇಳುತ್ತದೆ. ಅಲ್ಲಿ ಬಿಳಿ ಹಲಗೆಯ ಮೇಲೆ ಕಪ್ಪಕ್ಷರದಲ್ಲಿ ಊರಿನ ಹೆಸರು ಬರೆದಿರುತ್ತಾರೆ. ಬೇರೆ ಸಂಖ್ಯೆ ಇಲ್ಲದಿದ್ದರೆ ಆ ಹೆಸರೇ 50ರ ಆಜ್ಞೆ!

ನಾವೋ, ಹೆಸರು ಕಂಡಲ್ಲೆಲ್ಲ ಓದಿ ಸಂತೋಷಪಟ್ಟೆವು. ಸಿಯೆನಾದ ದಾರಿಯಲ್ಲಿ ಪೊಗ್ಗಿಬೊನ್ಸಿ ಅಂತೊಂದು ಊರು. ಅದನ್ನು ಹೇಳಿ ಹೇಳಿ ನಗುತ್ತಲೇ ಐದು ಮೈಲಿ ಕಳೆಯಿತು. ಇನ್ನೊಂದು ಕಡೆ ಊರಿನ ಹೆಸರಿನ ಮೇಲೆ ಕೆಂಪು ಗೀಟು ಎಳೆದಿತ್ತು. "ಯಾಕ್ರೀ ಹೊಡೆದು ಹಾಕಿದ್ದಾರೆ?" ಎಂದು ಹೆಂಡತಿ ಕೇಳಿದಳು. "ಹೆಸರು ಬದಲಾಯಿಸಿರಬೇಕು, ನಮ್ಮಲ್ಲಿ ಮಾಡಲ್ವೇ" ಎಂದೆ ಬಲು ತಿಳಿದವನ ಹಾಗೆ. ಊರು ಮುಗಿಯಿತು, ಇನ್ನು 50 ಬಿಡಬಹುದು ಅಂತ ಅದರ ಅರ್ಥ. ಹೀಗೆ ಇಡೀ ಟಸ್ಕನಿಯನ್ನು ನಾನು ಸಾಹಿತ್ಯವೆಂದು ಓದಿದೆ, ಅವರು ಕಾನೂನೆಂದು ಬರೆದಿದ್ದರು. ನನ್ನನ್ನು ಹಿಡಿದ ಹಳ್ಳಿಯ ಹೆಸರನ್ನು ಮಾತ್ರ ಇಲ್ಲಿ ಹೇಳುವುದಿಲ್ಲ. ಅದನ್ನು ಒಮ್ಮೆ ಓದಿದ್ದಕ್ಕೇ ಸಾಕಷ್ಟು ಕೊಟ್ಟಿದ್ದೇನೆ.

ಹಿಡಿದ ಯಂತ್ರಕ್ಕೆ ಅಲ್ಲಿ ಆಟೋವೆಲಾಕ್ಸ್ ಅನ್ನುತ್ತಾರೆ. ಕಂಬದ ಮೇಲೊಂದು ಬೂದು ಡಬ್ಬ. ಕರೆಂಟಿನ ಮೀಟರು ಅಂದುಕೊಂಡಿದ್ದೆ. ಮೀಟರೇ, ಓಡಿದ್ದು ನನ್ನದು. ಸ್ಥಳೀಯರಿಗೂ ಇದರ ಮೇಲೆ ಪ್ರೀತಿಯಿಲ್ಲ. 2023ರ ಕೊನೆಯಿಂದೀಚೆಗೆ ಉತ್ತರ ಇಟಲಿಯಲ್ಲಿ ಯಾರೋ ರಾತ್ರೋರಾತ್ರಿ ಆಂಗಲ್ ಗ್ರೈಂಡರ್ ತಂದು ಈ ಕಂಬಗಳನ್ನು ಬುಡಕ್ಕೇ ಕತ್ತರಿಸಿ ಹಾಕಿದರು. ಪತ್ರಿಕೆಗಳು ಆತನಿಗೆ ಫ್ಲೆಕ್ಸಿಮ್ಯಾನ್ ಎಂದು ಬಿರುದು ಕೊಟ್ಟವು. ಟಸ್ಕನಿಯ ಕಡೆ ಬಂದು ನನ್ನ ಕಂಬವನ್ನು ಆತ ಕತ್ತರಿಸಲಿಲ್ಲ.

ನಿಜ ಹೇಳಬೇಕೆಂದರೆ ದಂಡ ಬರುವ ಮುಂಚೆಯೇ ನಾನೊಂದು ದಂಡ ಕಟ್ಟಿದ್ದೆ. ಊರಿಗೆ ಬಂದು ಎರಡು ತಿಂಗಳಿಗೆ ಕ್ರೆಡಿಟ್ ಕಾರ್ಡಿನಲ್ಲಿ 45 ಯೂರೋ ಕಡಿತವಾಗಿತ್ತು. ಬಾಡಿಗೆ ಕಂಪನಿಯವರದು. ಏನೋ ಫೈನು, ಹೋಗಲಿ ನಾಲ್ಕು ಸಾವಿರದಲ್ಲಿ ಮುಗಿಯಿತು ಅಂತ ದೇವರಿಗೆ ಕೈಮುಗಿದೆ. ಅದು ದಂಡವಲ್ಲ. ಪೊಲೀಸರಿಗೆ ನನ್ನ ಹೆಸರು ವಿಳಾಸ ತಿಳಿಸಿದ್ದಕ್ಕೆ ಅವರ ಕೂಲಿ! ಚಾಡಿ ಹೇಳಿದವನಿಗೆ ಸಂಭಾವನೆಯನ್ನು ನಮ್ಮಿಂದಲೇ ವಸೂಲು ಮಾಡುತ್ತಾರೆ. ಕರಾರಿನಲ್ಲಿ ಬರೆದಿತ್ತು, ಸೈನೂ ನನ್ನದೇ. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ? ಹಿಂದೆಯೇ ಅಸಲಿ ದಂಡ ಹೊರಟಿತ್ತು, ನಿಧಾನವಾಗಿ. ತಮ್ಮವರಿಗಾದರೆ 90 ದಿನದೊಳಗೆ ನೋಟಿಸ್ ಮುಟ್ಟಿಸಬೇಕು, ಹೊರದೇಶದವರಿಗೆ 360 ದಿನ ಅವಕಾಶ. ನನಗೆ ವೇಗ ಕಲಿಸಿದವರ ವೇಗ ಇದು.

ರಾಯರು ಗೋಡೆಗೊರಗಿ ತೀರ್ಪು ಕೊಟ್ಟರು: "ಕಟ್ಟಬೇಡಿ. ಅವರೇನು ಮೈಸೂರಿಗೆ ಬರ್ತಾರಾ?" ಮನಸ್ಸು ಒಂದು ಕ್ಷಣ ಆ ಕಡೆ ವಾಲಿತು. ಇಲ್ಲಿ 2023ರ ಫೆಬ್ರವರಿಯಲ್ಲಿ ಸರ್ಕಾರ ಬಾಕಿ ದಂಡಕ್ಕೆಲ್ಲ ಅರ್ಧ ರಿಯಾಯಿತಿ ಕೊಟ್ಟಾಗ ನಾನೂ ಸಾಲಿನಲ್ಲಿ ನಿಂತು ಹಳೇ ಬಾಕಿ ತೀರಿಸಿ, ಲಾಟರಿ ಹೊಡೆದವನ ಹಾಗೆ ಬಂದವನು. ಆದರೆ ಮಗಳಿಗೆ ಮತ್ತೆ ಅಲ್ಲಿಗೆ ಹೋಗುವ ಆಸೆಯಿದೆ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ. ಅಲ್ಲದೆ ಇಟಲಿಯವರಲ್ಲೂ ರಿಯಾಯಿತಿ ಉಂಟು! ನೋಟಿಸ್ ಕೈಸೇರಿದ ಐದು ದಿನದೊಳಗೆ ಕಟ್ಟಿದರೆ ಶೇಕಡಾ 30 ಕಡಿಮೆ. 173 ಹೋಗಿ 121 ಯೂರೋ 10 ಸೆಂಟು, ಅಂಚೆ ಖರ್ಚು ಬೇರೆ. ಐದರಲ್ಲಿ ಮೂರು ದಿನ ರಾಯರ ಶೋಕೇಸಿನಲ್ಲೇ ಕಳೆದಿತ್ತು. ಅವರಿಗೆ ಹೇಳಲಿಲ್ಲ. ಒಳ್ಳೆಯದೇ ಇರಬೇಕೆಂದು ಜೋಪಾನವಾಗಿಟ್ಟವರಿಗೆ ಏನು ಹೇಳುವುದು?

ರಾತ್ರಿ ವೆಬ್‌ಸೈಟ್ ತೆರೆದರೆ ಫೋಟೋ ಇತ್ತು. ಪಾಂಡಾದ ಬೆನ್ನು, ನಂಬರ್ ಪ್ಲೇಟು, ಹಿಂದಿನ ಗಾಜಿನಲ್ಲಿ ನಮ್ಮ ಚಕ್ಕುಲಿಯ ಹಳದಿ ಕೈಚೀಲ. ವಾದಕ್ಕೆ ಜಾಗವೇ ಇರಲಿಲ್ಲ. ನನಗೆ ದುಡ್ಡಿಗಿಂತ ಹೆಚ್ಚು ಸಂಕಟವಾದದ್ದು ಅದಕ್ಕೇ. "ಸಾರ್, ಹೊಸಬ ಸಾರ್, ಬಿಟ್ಬಿಡಿ ಸಾರ್" ಅನ್ನಲು ಒಂದು ಮುಖ ಬೇಡವೇ? ಮೀಸೆಯೋ ಟೊಪ್ಪಿಗೆಯೋ ಏನಾದರೂ ಕಾಣಬೇಕು. ಡಬ್ಬದ ಮುಂದೆ ಹಲ್ಲು ಗಿಂಜುವುದು ಹೇಗೆ? ಕೊನೆಗೆ ಒತ್ತಬೇಕಾದ ಗುಂಡಿಯ ಮೇಲೆ "ಪಗಾ" ಎಂದಿತ್ತು. ಕಟ್ಟು ಅಂತ ಅರ್ಥ. ಪೋರ್ಚುಗೀಸರಿಂದ ನಮಗೆ ಬಂದ ಪಗಾರದ ದಾಯಾದಿ ಮಾತದು. ಇಲ್ಲಿ ಪಗಾರವೆಂದರೆ ಬರುತ್ತದೆ, ಅಲ್ಲಿ ಪಗಾ ಎಂದರೆ ಹೋಗುತ್ತದೆ.

ಮರುದಿನ ರಾಯರು ಸಮಾಧಾನಕ್ಕೆ ಕಥೆ ಹೊತ್ತು ತಂದರು. ವೇಗ ಅಳೆಯುವ ಯಂತ್ರ ಕಂಡುಹಿಡಿದ ಡಚ್ಚರ ಮೌರಿಸ್ ಗ್ಯಾಟ್ಸೊನೈಡ್ಸ್ ಸ್ವತಃ ರೇಸುಗಾರನಂತೆ. 1953ರಲ್ಲಿ ಮಾಂಟೆ ಕಾರ್ಲೊ ರ‍್ಯಾಲಿ ಗೆದ್ದವನು, ತಿರುವಿನಲ್ಲಿ ತಾನು ಇನ್ನೂ ಜೋರಾಗಿ ಹೋಗುವುದು ಹೇಗೆಂದು ನೋಡಿಕೊಳ್ಳಲು ಮಾಡಿದ ಸಾಧನ ಈಗ ನನ್ನಂಥವರ ಕುತ್ತಿಗೆಗೆ ಬಿದ್ದಿದೆ. ಅದು ನಿಜವೇ. ಆದರೆ ನನಗೆ ಸಮಾಧಾನ ಕೊಟ್ಟದ್ದು ಫಿನ್ಲೆಂಡ್. ಅಲ್ಲಿ ಜಾಸ್ತಿ ವೇಗಕ್ಕೆ ದಂಡ ಆದಾಯದ ಲೆಕ್ಕದಲ್ಲಿ. 2023ರ ಜೂನಿನಲ್ಲಿ ಓಲಂಡ್ ದ್ವೀಪದ ಸಿರಿವಂತ ಆಂಡರ್ಸ್ ವಿಕ್ಲಾಫ್ 50ರ ಜಾಗದಲ್ಲಿ 82ರಲ್ಲಿ ಹೋಗಿ ಸಿಕ್ಕಿಬಿದ್ದ. ಆಗಲೇ ನಿಧಾನ ಮಾಡುತ್ತಿದ್ದೆ ಅಂದನಂತೆ, ನಾವೆಲ್ಲ ಅನ್ನುವ ಹಾಗೇ. ದಂಡ ಎಷ್ಟು ಗೊತ್ತೇ? 1,21,000 ಯೂರೋ. ನನ್ನದಕ್ಕೆ ಮೂರು ಸೊನ್ನೆ ಹೆಚ್ಚು. ಆವತ್ತು ರಾತ್ರಿ ಚೆನ್ನಾಗಿ ನಿದ್ದೆ ಬಂತು.

ಈಗ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯಲ್ಲೂ ಕ್ಯಾಮೆರಾ ಇವೆ, 100ರ ಮೇಲೆ ಹೋದರೆ ಮೊಬೈಲಿಗೇ ಸುದ್ದಿ. ನಾನಂತೂ 80 ದಾಟುವುದಿಲ್ಲ. ಇನ್ನು ನೀವು ಇಟಲಿಗೆ ಹೋಗಿ ಕಾರು ಹಿಡಿಯುವವರಾದರೆ, ಬಿಳಿ ಹಲಗೆ ಕಂಡೊಡನೆ ಮೊದಲು ಬ್ರೇಕ್ ಮೇಲೆ ಕಾಲಿಡಿ. ಹೆಸರನ್ನು ಪಕ್ಕದಲ್ಲಿ ಕೂತವರು ಓದಿ ಹೇಳುತ್ತಾರೆ.