ಊಜಿ ಮಹಾತ್ಮೆ: ಒಂದು ಘನ ಸಂಶೋಧನೆ

ಮನುಷ್ಯ ರೇಷ್ಮೆ ಹುಳು ಸಾಕುವುದು ಸೀರೆಗಾಗಿ ಎಂಬುದು ಪೂರ್ವಪಕ್ಷ. ಇದು ಅಪ್ಪಟ ಅಜ್ಞಾನ. ಸಾಕಣೆ ನಡೆಯುವುದೇ ಊಜಿ ನೊಣದ ವಂಶೋದ್ಧಾರಕ್ಕೆ. ಸೀರೆ ಅಳಿದುಳಿದದ್ದರಲ್ಲಿ ಆಗುವಂಥದ್ದು ಎಂಬುದು ನಮ್ಮ ಸಿದ್ಧಾಂತ. ಸೀರೆ ಉಟ್ಟವರ ಸಾಕ್ಷ್ಯವನ್ನು ಪರಿಗಣಿಸಿಲ್ಲ.

ಎಕ್ಸೋರಿಸ್ಟ ಬಾಂಬಿಸಿಸ್ ಎಂಬ ಬಿರುದಾಂಕಿತರಾದ ಈ ಊಜಿಯವರು ಪಶ್ಚಿಮ ಬಂಗಾಳದ ಕಡೆಯವರು. 1980ರಲ್ಲಿ ಬಿತ್ತನೆ ಗೂಡಿನ ಜೊತೆ ಟಿಕೆಟ್ಟಿಲ್ಲದೆ ಕರ್ನಾಟಕಕ್ಕೆ ಬಂದರು, ವಾಪಸು ಹೋಗಲಿಲ್ಲ. ರಾಮನಗರ, ಶಿಡ್ಲಘಟ್ಟದ ಕಡೆ ಇವರ ಹೆಸರು ಕೇಳದ ಹುಳುಮನೆ ಇಲ್ಲ. ಕನ್ನಡ ಕಲಿತ ದಾಖಲೆ ಸಿಕ್ಕಿಲ್ಲವಾದರೂ ಹುಳು ನಾಲ್ಕನೇ ಜ್ವರದಿಂದ, ಅಂದರೆ ಪೊರೆ ಬಿಡುವ ನಿದ್ದೆಯಿಂದ, ಎದ್ದು ಸೊಪ್ಪಿಗೆ ಬೀಳುವ ಹೊತ್ತು ಇವರಿಗೆ ಚೆನ್ನಾಗಿ ಗೊತ್ತು.

ಲಕ್ಷಣ: ಮನೆನೊಣಕ್ಕಿಂತ ದೊಡ್ಡ ಮೈ, ಬೂದುಗಪ್ಪು ಬಣ್ಣ, ಬೆನ್ನ ಮೇಲೆ ನಾಲ್ಕು ಕಪ್ಪು ಪಟ್ಟೆ. ರಾಮ ಅಳಿಲಿಗೆ ಕೊಟ್ಟದ್ದಕ್ಕಿಂತ ಒಂದು ಹೆಚ್ಚು. ಯಾವ ಸೇತುವೆ ಕಟ್ಟಿದ್ದಕ್ಕೆ ಎಂಬ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ.

ತಾಯಿನೊಣ ಹುಳುವಿನ ಮೈಗೆ ಒಂದೋ ಎರಡೋ ಕೆನೆಬಣ್ಣದ ಪುಟ್ಟ ಮೊಟ್ಟೆ ಅಂಟಿಸಿ ಹಾರುತ್ತದೆ. ಎರಡು ಮೂರು ದಿನಕ್ಕೆ ಮರಿ ಹೊರಬಂದು, ಚರ್ಮ ಕೊರೆದು ಒಳಗೆ ನುಗ್ಗುತ್ತದೆ. ನುಗ್ಗಿದಲ್ಲಿ ಕಪ್ಪು ಕಲೆ. ಪಾಮರರು ಇದನ್ನು ಗಾಯ ಎನ್ನುತ್ತಾರೆ. ವಾಸ್ತುಶಾಸ್ತ್ರದ ಪ್ರಕಾರ ಇದು ಗವಾಕ್ಷಿ. ಏಕೆಂದರೆ ಒಳಗಿನವರು ತಮ್ಮ ಹಿಂಭಾಗವನ್ನು ಆ ತೂತಿಗೆ ಒತ್ತಿಕೊಂಡು ಅಲ್ಲಿಂದಲೇ ಉಸಿರಾಡುತ್ತಾರೆ. ಬಾಯಿ ಊಟದ ಕಡೆ, ಉಸಿರು ಬೀದಿಯ ಕಡೆ. ಊಟದ ನಡುವೆ ಏಳುವ ಪ್ರಮೇಯವೇ ಇಲ್ಲ.

ಸುಮಾರು ಒಂದು ವಾರದಲ್ಲಿ ಉಂಡು ಮುಗಿಯುತ್ತದೆ. ಬೇಗ ಹೊಕ್ಕಿದ್ದರೆ ಹುಳು ಗೂಡು ಕಟ್ಟುವ ಮೊದಲೇ ಸಾಯುತ್ತದೆ. ತಡವಾಗಿ ಹೊಕ್ಕಿದ್ದರೆ ಹುಳು ಗೂಡು ಕಟ್ಟುವ ತಟ್ಟೆಯಾದ ಚಂದ್ರಿಕೆಯೇರಿ ಗೂಡು ಕಟ್ಟುತ್ತದೆ, ಮರಿ ಗೂಡನ್ನೇ ತೂತು ಮಾಡಿ ಹೊರಬಿದ್ದು, ನೆಲದ ಸಂದಿಯಲ್ಲಿ ಕೋಶವಾಗುತ್ತದೆ. ತೂತು ಒಂದೇ. ಆದರೆ ಗೂಡೆಂದರೆ ಸುತ್ತಿದ ಒಂದೇ ಉದ್ದನೆಯ ಎಳೆ. ಅದು ಎಷ್ಟೋ ಕಡೆ ತುಂಡಾಗಿ ನೂಲು ಬಿಚ್ಚಲು ಬರುವುದಿಲ್ಲ. ಮಾರುಕಟ್ಟೆಯಲ್ಲಿ ರೀಲರ್ ಅಂಥ ಗೂಡನ್ನು ಬೆರಳಲ್ಲಿ ತಿರುಗಿಸಿ ನೋಡಿ ಪಕ್ಕಕ್ಕೆ ಎಸೆಯುತ್ತಾನೆ. ಸೌಂದರ್ಯಪ್ರಜ್ಞೆ ಸಾಲದು.

ನೆಸೋಲಿಂಕ್ಸ್ ಥೈಮಸ್ ಎಂಬ ಪುಟಾಣಿ ಕಣಜ ಊಜಿಯ ಕೋಶದೊಳಗೇ ಮೊಟ್ಟೆಯಿಟ್ಟು ಅದರ ವಂಶ ತಿನ್ನುತ್ತದೆ. ರೇಷ್ಮೆ ಇಲಾಖೆಯವರು ಅದನ್ನು ಬಿಡುವುದೂ ಉಂಟು. ಹಾಗಾದರೆ ಹುಳು ಊಜಿಗಾಗಿ, ಊಜಿ ಕಣಜಕ್ಕಾಗಿ ಎಂದಾಗಿ ನಮ್ಮ ಸಿದ್ಧಾಂತಕ್ಕೆ ಧಕ್ಕೆ ಬರುವುದರಿಂದ, ಕಣಜವನ್ನು ಈ ಪ್ರಬಂಧದ ವ್ಯಾಪ್ತಿಯಿಂದ ಕೈಬಿಡಲಾಗಿದೆ.

ಇಷ್ಟಾದರೂ ಸಿದ್ಧಾಂತ ಒಪ್ಪದ ರೈತಮಿತ್ರರು ಹುಳುಮನೆಯ ಕಿಟಕಿ, ಬಾಗಿಲಿಗೆ ನೈಲಾನ್ ಪರದೆ ಬಿಗಿಯಲಿ, ನೆಲದ ಬಿರುಕು ಮುಚ್ಚಲಿ, ಕಂಡ ಊಜಿ ಮರಿಗಳನ್ನು ಆಯ್ದು ಸೋಪಿನ ನೀರಿಗೆ ಹಾಕಲಿ.