ಗಂಡಸರ ಗಾಡಿಗೆ ಮೊಳಕಾಲು ನೋವು

ಸೈದಾಪುರದ ಸಾವ್ಕಾರರ ಮಗನೊಬ್ಬನಿಗೆ ಅಬಾರ್ತ್ ಪುಂಟೊ ಬೇಕಿತ್ತು. ಬಂತು. ಬೆಂಗಳೂರಿನಿಂದ, ಸೆಕೆಂಡ್ ಹ್ಯಾಂಡ್. ಫಿಯಟ್ 2015ರಲ್ಲಿ ಬಿಟ್ಟ ಗಾಡಿ. 1.4 ಲೀಟರ್ ಟರ್ಬೊ ಎಂಜಿನ್, 145 ಅಶ್ವಶಕ್ತಿ, ಕೈಯಿಂದ ಹಾಕಬೇಕಾದ ಐದು ಗೇರು. ಮೂತಿ ಮೇಲೆ ಚೇಳಿನ ಲಾಂಛನ.

ಆಗ ಆಟೊಮ್ಯಾಟಿಕ್ ಗಾಡಿಯವರನ್ನೆಲ್ಲ ಹಂಗಿಸಿದ. "ಗೇರಿಲ್ಲದ ಗಾಡಿ ಹೆಣ್ಮಕ್ಳು ಹೊಡೀತಾರ್ರಿ ಕಾಕಾ." ಪೆಟ್ರೋಲ್ ಬಂಕಿನಲ್ಲಿ ಸರದಿ ನಿಂತವರನ್ನೂ ಬಿಡಲಿಲ್ಲ.

ಈಗ ಅದೇ ಗಾಡಿಯನ್ನು ಆಟೊಮ್ಯಾಟಿಕ್ ಮಾಡಿಸಬೇಕಂತೆ. ಎಡಗಾಲಿನ ಮೊಳಕಾಲು ಹಿಡಿದಿದೆ.

ಇದೇ ಯಾದಗಿರಿ ಜಿಲ್ಲೆಯ ಕಂದಕೂರಿನ ಬೆಟ್ಟದಲ್ಲಿ ನಾಗರಪಂಚಮಿ ದಿನ ಮಕ್ಕಳು ಜೀವಂತ ಚೇಳನ್ನು ಅಂಗೈ ಮೇಲೆ ಬಿಟ್ಟುಕೊಂಡು ನಗುತ್ತವೆ. ಈ ಗಂಡಸಿಗೆ ತಗಡಿನ ಚೇಳಿನ ಕ್ಲಚ್ಚೇ ಕುಟುಕಿತು.

ಮಾರಿ ಬೇರೆ ತಗೋ ಎಂದರೆ ಮುಖ ಸಿಂಡರಿಸುತ್ತಾನೆ. ಮಾರುತಿ ಸೆಲೆರಿಯೊಗೆ 2014ರಲ್ಲೇ ಎಎಂಟಿ ಬಂತು, ಕ್ಲಚ್ ಒತ್ತುವ ಕೆಲಸವಿಲ್ಲ. ಸಾಲಿ ಮಾಸ್ತರರು ಆರಾಮಾಗಿ ಓಡಿಸುತ್ತಾರೆ. ಅದು ಇವನ ಅಂತಸ್ತಿಗೆ ಸಾಲದು. ಚೇಳು ಬೇಕು, ಕೊಂಡಿ ಬೇಡ.

ಗೇರ್‌ಬಾಕ್ಸ್ ಒಂದು ಬದಲಿಸಿದರೆ ಆಯಿತು ಅಂದುಕೊಂಡಿದ್ದಾನೆ. ಕ್ಲಚ್, ಫ್ಲೈವೀಲ್, ಪೆಡಲ್ ಎಲ್ಲ ಕಿತ್ತು ಬರಬೇಕು. ಟಾರ್ಕ್ ಕನ್ವರ್ಟರ್, ಆಯಿಲ್ ಕೂಲರ್, ಬೇರೆ ಆಕ್ಸಲ್, ಬೇರೆ ಮೌಂಟಿಂಗ್, ಹೊಸ ವೈರಿಂಗ್ ಕೂರಬೇಕು. ಮೇಲೆ ಇನ್ನೊಂದು ಕಂಪ್ಯೂಟರು. ಅದಕ್ಕೂ ಎಂಜಿನ್ನಿನ ಕಂಪ್ಯೂಟರಿಗೂ ಮಾತುಕತೆ ಕೂಡಬೇಕು. ಕೂಡದಿದ್ದರೆ ಗಾಡಿ ನಡುರಸ್ತೆಯಲ್ಲಿ ಮುಷ್ಕರ ಹೂಡುತ್ತದೆ. ಈ ಮಾಡೆಲ್ಲಿಗೆ ಭಾರತದಲ್ಲಿ ಕಂಪನಿಯೇ ಆಟೊಮ್ಯಾಟಿಕ್ ಕೊಟ್ಟಿರಲಿಲ್ಲ. ಆ ಕಂಪನಿಯ ಹೊಸ ಕಾರುಗಳೂ ಇಲ್ಲಿ ಯಾವತ್ತೋ ನಿಂತವು. ಇಷ್ಟು ಖರ್ಚಿಗೆ ಇನ್ನೊಂದು ಕಾರೇ ಬರುತ್ತದೆ ಎಂದು ಹೇಳುವ ಧೈರ್ಯ ಮನೆಯಲ್ಲಿ ಯಾರಿಗೂ ಇಲ್ಲ.

ಕಾನೂನು? ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ತಿದ್ದುಪಡಿಯಾಯಿತು. ಅನುಮತಿಯಿಲ್ಲದ ಒಂದೊಂದು ಮಾರ್ಪಾಡಿಗೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಅಂಗವಿಕಲರು ತಮಗೆ ಬೇಕಾದಂತೆ ಗಾಡಿ ಮಾರ್ಪಡಿಸಿಕೊಳ್ಳಲು ದಾರಿ ಇದೆ. ಅವರು ಕಾಗದ ಹಿಡಿದು ಕಚೇರಿ ಬಾಗಿಲಿಗೆ ಹೋಗಬೇಕು. ಇವನು ಗ್ಯಾರೇಜಿಗೆ ಫೋನ್ ಹಚ್ಚಿದರೆ ಸಾಕು. "ಎಲ್ಲಾ ಮ್ಯಾನೇಜ್ ಆಗ್ತದ್ರಿ." ಸಾವ್ಕಾರರ ಮನೆಯ ಗಾಡಿಗೆ ಇಷ್ಟೂ ಆಗದಿದ್ದರೆ ಹೇಗೆ!

ಇನ್ನು ಮೊಳಕಾಲಿನ ವಿಷಯ. ಇವನು ವಾರವಿಡೀ ಒತ್ತುವ ಕ್ಲಚ್ಚನ್ನು ಯಾದಗಿರಿ ಬಸ್ಸಿನ ಡ್ರೈವರು ಮಧ್ಯಾಹ್ನದ ಊಟದೊಳಗೆ ಒತ್ತಿ ಮುಗಿಸುತ್ತಾನೆ. ರಸ್ತೆಯುಬ್ಬಿಗೊಮ್ಮೆ, ಸ್ಟಾಪಿಗೊಮ್ಮೆ, ಅಡ್ಡ ಬಂದ ಎಮ್ಮೆಗೊಮ್ಮೆ. 2021ರಲ್ಲಿ ಈಶಾನ್ಯ ಸಾರಿಗೆ ಸಂಸ್ಥೆ ಕಲ್ಯಾಣ ಕರ್ನಾಟಕ ಸಾರಿಗೆ ಸಂಸ್ಥೆಯಾಯಿತು. ಬಸ್ಸಿನ ಮೈಮೇಲಿನ ಅಕ್ಷರ ಬದಲಾದವು. ಕ್ಲಚ್ ಅದೇ. ಕಾಲೂ ಅದೇ. ಆ ಕಾಲು ನೋವು ಎಂದರೆ ರಜೆಗೆ ಅರ್ಜಿ ಬರೆಯಬೇಕು. ಈ ಕಾಲು ನೋವು ಎಂದರೆ ಅಪ್ಪ ಹತ್ತಿ ಮಾರಿದ ದುಡ್ಡು ತೆಗೆಯುತ್ತಾನೆ.

ಗೇರ್‌ಬಾಕ್ಸ್ ಇನ್ನೂ ಸಿಕ್ಕಿಲ್ಲ. ಸಿಗುವವರೆಗೆ ಸಾವ್ಕಾರರ ಟ್ರ್ಯಾಕ್ಟರ್ ಡ್ರೈವರೇ ಈ ಗಾಡಿ ಹೊಡೆಯುತ್ತಿದ್ದಾನೆ. ಗಂಡಸು ಪಕ್ಕದ ಸೀಟಿನಲ್ಲಿ ಕಾಲು ಚಾಚಿ ಕೂತು "ಇನ್ನಾ ಜೋರು ಬಿಡಲೇ" ಅನ್ನುತ್ತಾನೆ.